ಹಗುರವಾದ ಲಂಗರನ್ನು ಎಷ್ಟು ನಂಬಬಹುದು?

ಲಂಗರು ಎಂದೊಡನೆ ನಮ್ಮ ಕಣ್ಣೆದುರು ಬರುವುದು ಕಬ್ಬಿಣದ ಒಂದು ಭಾರಿ ಕೊಕ್ಕೆ. ಕನ್ನಡದವರು ನಾವು ಲಂಗರು ಎನ್ನುತ್ತೇವೆ, ನೆರೆಮನೆಯ ಮಲಯಾಳಿಗಳು ನಂಕೂರಂ ಎನ್ನುತ್ತಾರೆ. ಎರಡಕ್ಕೂ ಮೂಲ ಪಾರಸಿ ಭಾಷೆಯ ಒಂದೇ ಪದ. ಹೆಸರು ಯಾವುದಾದರೂ ಅದರ ಜೊತೆಗೆ ಭಾರದ ಕಲ್ಪನೆ ಬಂದೇ ಬರುತ್ತದೆ. ಹಿಂದಿನ ಕಾಲದಲ್ಲಿ ತೂತು ಕೊರೆದ ಕಲ್ಲುಗಳನ್ನೇ ಹಗ್ಗಕ್ಕೆ ಕಟ್ಟಿ ಕಡಲಿಗೆ ಇಳಿಸುತ್ತಿದ್ದರು. ಗುಜರಾತಿನ ದ್ವಾರಕೆಯ ಕಡಲಿನಲ್ಲಿ ಅಂಥ ಕಲ್ಲುಗಳು ಹಲವು ಸಿಕ್ಕಿವೆ. ಕಲ್ಲು ದೊಡ್ಡದಾದಷ್ಟೂ ದೋಣಿ ಭದ್ರ ಎಂಬುದು ಆಗಿನ ಲೆಕ್ಕ.

ಹೀಗಿರುವಾಗ, ಯುರೋಪು ಮತ್ತು ಅಮೇರಿಕದ ಹಾಯಿದೋಣಿಯವರು ಹತ್ತು ಹನ್ನೊಂದು ಮೀಟರ್ ಉದ್ದದ ದೋಣಿಯನ್ನು ಕೇವಲ ನಾಲ್ಕೂವರೆ ಕಿಲೊ ತೂಕದ ಅಲ್ಯೂಮಿನಿಯಂ ಮಿಶ್ರಲೋಹದ ಲಂಗರಿಗೆ ಕಟ್ಟುತ್ತಾರೆ ಎಂದರೆ ಯಾರಿಗಾದರೂ ನಗು ಬಂದೀತು. ಅಷ್ಟೇ ಉದ್ದದ ದೋಣಿಗೆ ಉಕ್ಕಿನ ಲಂಗರಾದರೆ ಹದಿನೈದು ಹದಿನಾರು ಕಿಲೊ ಬೇಕೆಂಬುದು ರೂಢಿ. ಮನೆಗೆ ತರುವ ಒಂದು ಸಣ್ಣ ಅಕ್ಕಿ ಚೀಲದಷ್ಟೂ ತೂಗದ ವಸ್ತು ನಾಲ್ಕು ಜನರ ಜೀವವನ್ನು ರಾತ್ರಿಯಿಡೀ ಕಾಯಬಲ್ಲುದೇ? ಈ ಪ್ರಶ್ನೆಗೆ ಹೌದು ಎಂದೂ ಉತ್ತರವಿದೆ, ಇಲ್ಲ ಎಂದೂ ಉತ್ತರವಿದೆ. ಎಲ್ಲಿ ಹೌದು, ಎಲ್ಲಿ ಇಲ್ಲ ಎಂಬುದನ್ನು ತಿಳಿಯದೆ ಕೊಂಡವನು ಮಾತ್ರ ಕೆಡುತ್ತಾನೆ.

ಒಂದು ರಾತ್ರಿಯ ಪಾಠ

ಲಂಗರಿನ ಮಾತು ಎಷ್ಟು ಗಂಭೀರವಾದುದು ಎಂಬುದಕ್ಕೆ ಒಂದು ಘಟನೆಯನ್ನು ಹೇಳಬೇಕು. ಫ್ರಾನ್ಸಿನ ಬರ್ನಾರ್ ಮೊಯ್ತೆಸಿಯೇ ಎಂಬ ನಾವಿಕನ ಹೆಸರನ್ನು ಕಡಲ ಕಥೆಗಳಲ್ಲಿ ಆಸಕ್ತಿಯುಳ್ಳವರು ಕೇಳಿರಬಹುದು. 1968ರಲ್ಲಿ ಒಬ್ಬಂಟಿಯಾಗಿ, ಎಲ್ಲಿಯೂ ನಿಲ್ಲದೆ ಭೂಮಿಯನ್ನು ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ಆತ 'ಜೋಶುವಾ' ಎಂಬ ತನ್ನ ಉಕ್ಕಿನ ಹಾಯಿದೋಣಿಯೊಡನೆ ಭಾಗವಹಿಸಿದ. ಗೆಲ್ಲುವ ಅವಕಾಶವಿದ್ದರೂ ಬಹುಮಾನ ಬೇಡವೆಂದು ಸ್ಪರ್ಧೆಯನ್ನು ಬಿಟ್ಟು, ಮತ್ತೊಮ್ಮೆ ಪೂರ್ವಕ್ಕೇ ಸಾಗಿ, 1969ರಲ್ಲಿ ಶಾಂತಸಾಗರದ ತಹಿತಿ ದ್ವೀಪವನ್ನು ಮುಟ್ಟಿದ. ಇದೇ ಹೆಸರಿನ ಸ್ಪರ್ಧೆಯನ್ನು ಇತ್ತೀಚಿನ ವರ್ಷಗಳಲ್ಲಿ ಮತ್ತೆ ಆರಂಭಿಸಿದಾಗ, ಕೇರಳದವರೇ ಆದ ನೌಕಾದಳದ ನಿವೃತ್ತ ಅಧಿಕಾರಿ ಅಭಿಲಾಷ್ ಟೋಮಿ 2023ರಲ್ಲಿ ಎರಡನೆಯ ಸ್ಥಾನ ಪಡೆದುದು ನಮ್ಮ ಓದುಗರಿಗೆ ನೆನಪಿರಬಹುದು.

ದಕ್ಷಿಣ ಮಹಾಸಾಗರದ ಬೆಟ್ಟದಂಥ ಅಲೆಗಳು ಜೋಶುವಾವನ್ನು ಏನೂ ಮಾಡಲಿಲ್ಲ. ಆದರೆ 1982ರ ಡಿಸೆಂಬರಿನಲ್ಲಿ ಮೆಕ್ಸಿಕೋ ದೇಶದ ಕಾಬೊ ಸಾನ್ ಲೂಕಾಸ್ ಎಂಬಲ್ಲಿ, ದಡಕ್ಕೆ ಸಮೀಪದಲ್ಲಿ ಲಂಗರು ಹಾಕಿ ನಿಂತಿದ್ದಾಗ ಅದು ಕೆಟ್ಟಿತು. ಅಲ್ಲಿಯ ಕೊಲ್ಲಿ ಒಂದು ಕಡೆಗೆ ತೆರೆದದ್ದು. ಆ ಕಡೆಯಿಂದಲೇ ಬಿರುಗಾಳಿ ಎದ್ದಿತು. ದೋಣಿಗಳು ಒತ್ತೊತ್ತಾಗಿ ನಿಂತಿದ್ದವು. ಹಗ್ಗವನ್ನು ಉದ್ದಕ್ಕೆ ಬಿಡಲು ಸ್ಥಳವಿರಲಿಲ್ಲ. ಒಂದರ ಲಂಗರು ಜಾರಿದರೆ ಅದು ಹಿಂದಿನದರ ಮೇಲೆ ಬೀಳುವುದು, ಎರಡೂ ಸೇರಿ ಮೂರನೆಯದನ್ನು ಎಳೆಯುವುದು, ಹೀಗೆ ಬೆಳಗಾಗುವಷ್ಟರಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ಹಾಯಿದೋಣಿಗಳು ಹೊಯಿಗೆಯ ಮೇಲೆ ಬಿದ್ದಿದ್ದವು. ಜೋಶುವಾ ಕೂಡ ಅವುಗಳಲ್ಲಿ ಒಂದು.

ಮಹಾಸಾಗರ ದಾಟಿಬಂದ ದೋಣಿ ದಡದ ಬಳಿ ಕೆಟ್ಟುದು ಲಂಗರಿನ ಲೋಹದ ದೋಷದಿಂದಲ್ಲ. ಉಕ್ಕಿನ ಲಂಗರುಗಳೇ ಆ ರಾತ್ರಿ ಜಾರಿದವು. ಭಾರವಿದ್ದರೆ ಸಾಕು ಎಂಬ ನಂಬಿಕೆ ಎಷ್ಟು ಪೊಳ್ಳು ಎಂಬುದನ್ನು ತೋರಿಸಲು ಈ ಘಟನೆಯನ್ನು ಹೇಳಿದೆವು.

ಹಿಡಿಯುವುದು ಭಾರವಲ್ಲ, ನೆಲ

ಹಸುವನ್ನು ಗದ್ದೆಯಲ್ಲಿ ಕಟ್ಟಲು ನಾವು ಗೂಟ ಹೊಡೆಯುತ್ತೇವೆ. ಗೂಟದ ತೂಕ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಅದು ಎಷ್ಟು ಆಳಕ್ಕೆ ಇಳಿದಿದೆ, ನೆಲ ಗಟ್ಟಿಯೇ ಕೆಸರೇ ಎಂದು ನೋಡುತ್ತೇವೆ. ಹಸು ಅಡ್ಡಕ್ಕೆ ಜಗ್ಗಿದರೆ ಗೂಟ ನಿಲ್ಲುತ್ತದೆ. ನಾವು ಅದನ್ನು ಕೀಳಬೇಕಾದರೆ ಮೇಲಕ್ಕೆ ಎಳೆಯುತ್ತೇವೆ. ಲಂಗರಿನ ಶಾಸ್ತ್ರವೆಲ್ಲ ಇಷ್ಟರಲ್ಲೇ ಇದೆ.

ಗಾಳಿಯ ಬಲ ಎಷ್ಟು ಎಂಬ ಲೆಕ್ಕವನ್ನು ನೋಡಿದರೆ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಅಮೇರಿಕದ ದೋಣಿ ನಿರ್ಮಾಪಕರು ಬಳಸುವ ಪಟ್ಟಿಯ ಪ್ರಕಾರ, ಒಂಬತ್ತು ಮೀಟರ್ ಉದ್ದದ ದೋಣಿಯ ಮೇಲೆ ಗಂಟೆಗೆ 28 ಕಿ.ಮೀ. ವೇಗದ ಗಾಳಿ ಬೀಸಿದಾಗ ಲಂಗರಿನ ಹಗ್ಗಕ್ಕೆ ಬೀಳುವ ಸೆಳೆತ ಸುಮಾರು 80 ಕಿಲೊ. ಗಾಳಿ 56 ಕಿ.ಮೀ. ಆದಾಗ ಸೆಳೆತ 320 ಕಿಲೊ. 111 ಕಿ.ಮೀ. ವೇಗದ ಚಂಡಮಾರುತಕ್ಕೆ 1,270 ಕಿಲೊ. ಗಾಳಿಯ ವೇಗ ಇಮ್ಮಡಿಯಾದರೆ ಸೆಳೆತ ನಾಲ್ಕು ಮಡಿಯಾಗುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಇಂಥ ಸೆಳೆತದ ಎದುರು ಹದಿನೈದು ಕಿಲೊ ಉಕ್ಕಾದರೇನು, ಐದು ಕಿಲೊ ಅಲ್ಯೂಮಿನಿಯಂ ಆದರೇನು? ಬರಿಯ ಭಾರದಿಂದ ಎರಡೂ ನಿಲ್ಲಲಾರವು. ನಿಲ್ಲಿಸುವುದು ಹೊಯಿಗೆಯ ಒಳಗೆ ಇಳಿದ ಹಲಗೆಯ ಅಗಲ ಮತ್ತು ಅದರ ಮೇಲೆ ಕುಳಿತ ನೆಲದ ಒತ್ತಡ.

ಈ ಸತ್ಯವನ್ನು ಲೆಕ್ಕದ ಮೂಲಕ ಕಂಡುಕೊಂಡವರಲ್ಲಿ ಮುಖ್ಯರು ಇಂಗ್ಲೆಂಡಿನ ಕೇಂಬ್ರಿಜಿನ ಭೌತವಿಜ್ಞಾನಿ ಜೆಫ್ರಿ ಇಂಗ್ರಾಂ ಟೇಲರ್. ಅವರು ಸ್ವತಃ ಹಾಯಿದೋಣಿಯ ಹುಚ್ಚಿನವರು. ನೀರಿನ ಮೇಲೆ ಇಳಿಯುವ ವಿಮಾನಗಳಿಗೆ ಭಾರವಾದ ಲಂಗರು ಹೊರುವುದು ಸಾಧ್ಯವಿರಲಿಲ್ಲ. ಕಡಿಮೆ ತೂಕದಲ್ಲಿ ಹೆಚ್ಚು ಹಿಡಿತ ಹೇಗೆ ಎಂದು ಯೋಚಿಸಿ ಅವರು 1933ರಲ್ಲಿ ನೇಗಿಲಿನ ಗುಳದಂತಿರುವ ಲಂಗರನ್ನು ರೂಪಿಸಿದರು. ಸಿ.ಕ್ಯು.ಆರ್. ಎಂಬ ಹೆಸರಿನಿಂದ ಅದು ಲೋಕಪ್ರಸಿದ್ಧವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೇರಿಕದ ರಿಚರ್ಡ್ ಡ್ಯಾನ್‌ಫೋರ್ತ್ ಎರಡು ಚಪ್ಪಟೆ ಹಲಗೆಗಳ ಲಂಗರನ್ನು ಬಳಕೆಗೆ ತಂದರು. ಸೈನಿಕರನ್ನು ದಡಕ್ಕೆ ಇಳಿಸುವ ದೋಣಿಗಳು ದಡಕ್ಕೆ ಬರುವ ಮೊದಲು ಇದನ್ನು ಹಿಂದೆ ಬಿಟ್ಟು, ಮರಳುವಾಗ ಇದರ ಹಗ್ಗವನ್ನೇ ಜಗ್ಗಿ ಹೊಯಿಗೆಯಿಂದ ಬಿಡಿಸಿಕೊಳ್ಳುತ್ತಿದ್ದವು. ಈ ಚಪ್ಪಟೆ ಹಲಗೆಯ ರೂಪವನ್ನೇ ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಮಿಶ್ರಲೋಹದಲ್ಲಿ ಮಾಡಿ 1980ರ ದಶಕದಲ್ಲಿ ಫ್ಲೋರಿಡಾದ ಕಂಪೆನಿಯೊಂದು ಫೋರ್ಟ್ರೆಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಮುಂದೆ ಫ್ರಾನ್ಸಿನಿಂದ ಬಂದ ಸ್ಪೇಡ್ ಎಂಬ ಲಂಗರೂ ಉಕ್ಕು, ಅಲ್ಯೂಮಿನಿಯಂ ಎರಡರಲ್ಲಿಯೂ ದೊರೆಯುತ್ತದೆ.

ಹಿಂಡಾಲಿಯಂ ಪಾತ್ರೆಯ ಬಂಧು

ಅಲ್ಯೂಮಿನಿಯಂ ಎಂದರೆ ಬಗ್ಗುವ ಲೋಹ ಎಂಬ ಅನುಮಾನ ಸಹಜ. ಶುದ್ಧ ಅಲ್ಯೂಮಿನಿಯಂ ಮೆತ್ತಗಿರುವುದು ನಿಜ. ಆದರೆ ಅದಕ್ಕೆ ಮೆಗ್ನೀಸಿಯಂ, ಸಿಲಿಕಾನ್ ಮುಂತಾದವನ್ನು ಸ್ವಲ್ಪ ಸೇರಿಸಿದರೆ ಅದು ಗಟ್ಟಿಯಾಗುತ್ತದೆ. ನಮ್ಮ ಅಡಿಗೆಮನೆಗಳಲ್ಲಿ ಒಂದು ಕಾಲಕ್ಕೆ ಮೆರೆದ ಹಿಂಡಾಲಿಯಂ ಪಾತ್ರೆಗಳೂ ಇಂಥ ಮಿಶ್ರಲೋಹದವೇ. ಲಂಗರಿಗೆ ಬಳಸುವ ಮಿಶ್ರಲೋಹವನ್ನು ಶಾಖ ಕೊಟ್ಟು ಹದಮಾಡಿ ಇನ್ನೂ ಬಲಪಡಿಸುತ್ತಾರೆ.

ತೂಕದ ಲೆಕ್ಕವೂ ಸರಳ. ಒಂದೇ ಗಾತ್ರದ ಉಕ್ಕು ಮತ್ತು ಅಲ್ಯೂಮಿನಿಯಂ ತುಂಡುಗಳನ್ನು ತೂಗಿದರೆ ಅಲ್ಯೂಮಿನಿಯಂ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಆದುದರಿಂದ ಅದೇ ತೂಕಕ್ಕೆ ಬಹಳ ಅಗಲವಾದ ಹಲಗೆಗಳನ್ನು ಮಾಡಬಹುದು. ಹಿಡಿತ ಹಲಗೆಯ ಅಗಲದಿಂದ ಬರುವುದೆಂದು ಮೇಲೆ ಹೇಳಿದೆವಲ್ಲ, ಮಿಶ್ರಲೋಹದ ಲಂಗರಿನ ಗುಟ್ಟು ಇದೇ.

2014ರ ಆಗಸ್ಟಿನಲ್ಲಿ ಅಮೇರಿಕದ ಚೆಸಪೀಕ್ ಕೊಲ್ಲಿಯ ಮೆತ್ತನೆಯ ಕೆಸರಿನಲ್ಲಿ ಹಲವು ಲಂಗರುಗಳನ್ನು ಎಳೆದು ನೋಡುವ ಪರೀಕ್ಷೆ ನಡೆಯಿತು. ಇಪ್ಪತ್ತು ಕಿಲೊ ವರ್ಗದ ಹೆಸರಾಂತ ಉಕ್ಕಿನ ಲಂಗರುಗಳ ಎದುರು, ಒಂಬತ್ತೂವರೆ ಕಿಲೊ ತೂಕದ ಅಲ್ಯೂಮಿನಿಯಂ ಲಂಗರು ಎಲ್ಲಕ್ಕಿಂತ ಹೆಚ್ಚು ಹಿಡಿತ ತೋರಿಸಿತು. ಆದರೆ ಈ ಪರೀಕ್ಷೆಯನ್ನು ನಡೆಸಿದ್ದು ಫೋರ್ಟ್ರೆಸ್ ತಯಾರಕರೇ ಎಂಬುದನ್ನು, ನೆಲ ಕೆಸರಾಗಿದ್ದುದನ್ನು ಓದುಗರು ಮರೆಯಬಾರದು. ತನ್ನ ಮಾವಿನಹಣ್ಣು ಹುಳಿ ಎಂದು ಯಾವ ವ್ಯಾಪಾರಿಯೂ ಹೇಳುವುದಿಲ್ಲ. ಹಾಗೆಂದು ಪರೀಕ್ಷೆಯ ಪಾಠವನ್ನು ತಳ್ಳಿಹಾಕಬೇಕಾಗಿಯೂ ಇಲ್ಲ. ಅದೇ ಲಂಗರಿನ ಹಲಗೆಗಳನ್ನು 32 ಡಿಗ್ರಿ ಕೋನದಲ್ಲಿ ಇರಿಸಿದಾಗ ಹಿಡಿತ ಕಡಿಮೆಯಿತ್ತು, 45 ಡಿಗ್ರಿಗೆ ತೆರೆದಾಗ ಹೆಚ್ಚಿತು. ಗಟ್ಟಿ ಹೊಯಿಗೆಗೆ ಮೊದಲ ಕೋನ, ಮೆತ್ತನೆಯ ಕೆಸರಿಗೆ ಎರಡನೆಯದು. ಕೋನವನ್ನು ಬದಲಾಯಿಸಲು ಬರುವ ಲಂಗರನ್ನೇ ಕೊಳ್ಳುವುದು ಜಾಣತನ.

ಎಲ್ಲಿ ಕೈಕೊಡುತ್ತದೆ?

ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನೂ ಹೇಳದಿದ್ದರೆ ಅನ್ಯಾಯವಾದೀತು.

ಮೊದಲನೆಯದು ನೀರಿನೊಳಗಿನ ತೂಕ. ಹದಿನೈದು ಕಿಲೊ ಉಕ್ಕಿನ ಲಂಗರು ಕಡಲ ನೀರಿನಲ್ಲಿ ಮುಳುಗಿದಾಗ ಸುಮಾರು ಎರಡು ಕಿಲೊ ಕಳೆದುಕೊಂಡು ಹದಿಮೂರು ಕಿಲೊ ಉಳಿಯುತ್ತದೆ. ನಾಲ್ಕೂವರೆ ಕಿಲೊ ಅಲ್ಯೂಮಿನಿಯಂ ಲಂಗರು ನೀರಿನಲ್ಲಿ ಮೂರು ಕಿಲೊ ಕೂಡ ತೂಗುವುದಿಲ್ಲ. ದೋಣಿ ಇನ್ನೂ ಚಲಿಸುತ್ತಿರುವಾಗ ಅವಸರದಿಂದ ಎಸೆದರೆ, ಅಗಲವಾದ ಹಲಗೆಗಳು ಗಾಳಿಪಟದಂತೆ ನೀರಿನಲ್ಲಿ ತೇಲಾಡಿ, ನೆಲವನ್ನು ಮುಟ್ಟದೆ ಹಿಂದೆ ಹಿಂದೆ ಬರುತ್ತವೆ. ದೋಣಿಯನ್ನು ಪೂರ್ತಿ ನಿಲ್ಲಿಸಿ, ಲಂಗರನ್ನು ನಿಧಾನವಾಗಿ ಇಳಿಸಿ, ಆಮೇಲೆ ಹಗ್ಗ ಬಿಡುತ್ತ ಹಿಂದೆ ಸರಿಯಬೇಕು.

ಎರಡನೆಯದು ಕಡಲ ಹುಲ್ಲು. ಹುಲ್ಲಿನ ಬೇರುಗಳನ್ನು ಸೀಳಿ ಒಳಗಿಳಿಯಲು ತುದಿಯಲ್ಲಿ ಭಾರ ಬೇಕು. ಹಗುರ ಲಂಗರು ಹುಲ್ಲಿನ ಮೇಲೆ ಜಾರುತ್ತದೆ. ಭೂಮಧ್ಯ ಸಮುದ್ರದಲ್ಲಿ ಇಂಥ ಹುಲ್ಲುಗಾವಲುಗಳು ಬಹಳ. ಸ್ಪೇನಿನ ಬಲೆಯಾರಿಕ್ ದ್ವೀಪಗಳಲ್ಲಿ 2018ರಿಂದ ಅಂಥ ಹುಲ್ಲಿನ ಮೇಲೆ ಲಂಗರು ಹಾಕುವುದೇ ಅಪರಾಧ. ಆ ಹುಲ್ಲು ಮೀನುಗಳ ತೊಟ್ಟಿಲು ಎಂಬ ಕಾರಣಕ್ಕಾಗಿ ಅದನ್ನು ಕಾಯುತ್ತಿದ್ದಾರೆ. ಬಂಡೆಗಲ್ಲಿನ ನೆಲವೂ ಇದಕ್ಕೆ ಒಗ್ಗುವುದಿಲ್ಲ. ಕಲ್ಲಿನ ಸಂದಿಗೆ ಸಿಕ್ಕಿಕೊಂಡು ಪಕ್ಕಕ್ಕೆ ಜಗ್ಗಿದರೆ ಹಲಗೆಯಾಗಲಿ ದಂಡವಾಗಲಿ ಬಾಗಬಹುದು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ರಾತ್ರಿ ಗಾಳಿ ದಿಕ್ಕು ಬದಲಾಯಿಸುತ್ತದೆ, ಅಳಿವೆಯಲ್ಲಿ ನೀರಿನ ಸೆಳೆತ ಆರು ಗಂಟೆಗೊಮ್ಮೆ ತಿರುಗುತ್ತದೆ. ದೋಣಿ ಒಂದು ಸುತ್ತು ಬಂದು ಲಂಗರನ್ನು ಹಿಮ್ಮುಖವಾಗಿ ಎಳೆದರೆ ಚಪ್ಪಟೆ ಹಲಗೆಯ ಲಂಗರು ಕಿತ್ತುಬರುತ್ತದೆ. ಭಾರವಾದುದಾದರೆ ಅಲ್ಲೇ ಬಿದ್ದು ಮತ್ತೆ ಕಚ್ಚೀತು. ಹಗುರವಾದುದು, ಅದರಲ್ಲಿಯೂ ಹಲಗೆಗಳ ನಡುವೆ ಒಂದು ಚಿಪ್ಪೋ ಕಲ್ಲೋ ಸಿಕ್ಕಿಕೊಂಡರೆ, ನೆಲದ ಮೇಲೆ ಜಾರುತ್ತಲೇ ಹೋಗುತ್ತದೆ. ಮಲಗಿದ್ದವರಿಗೆ ಎಚ್ಚರವಾಗುವುದು ದೋಣಿ ಕಲ್ಲಿಗೆ ತಾಗಿದಾಗ.

ಇನ್ನೊಂದು ಮಾತು. ನೇಗಿಲಿನಾಕಾರದ ಹಳೆಯ ಲಂಗರುಗಳು ನೆಲವನ್ನು ಕಚ್ಚಲು ತುದಿಯ ಭಾರವನ್ನೇ ನೆಚ್ಚಿವೆ. ಅದೇ ಆಕಾರವನ್ನು ಹಗುರ ಲೋಹದಲ್ಲಿ ಎರಕ ಹೊಯ್ದರೆ ನೋಡಲು ಲಂಗರಾದೀತು, ಕೆಲಸಕ್ಕೆ ಬಾರದು. ಲೋಹ ಬದಲಾದಾಗ ಆಕಾರವೂ ಅದಕ್ಕೆ ತಕ್ಕಂತೆ ಇರಬೇಕು.

ಹಾಗಾದರೆ ಯಾರು ಕೊಳ್ಳಬೇಕು?

ಒಂದು ದೋಣಿಗೆ ಒಂದೇ ಲಂಗರು ಎನ್ನುವವರಿಗೆ ಮಿಶ್ರಲೋಹದ ಚಪ್ಪಟೆ ಲಂಗರು ತಕ್ಕುದಲ್ಲ ಎಂಬುದೇ ನಮ್ಮ ಅಭಿಪ್ರಾಯ. ದಿನನಿತ್ಯದ ಕೆಲಸಕ್ಕೆ, ಗಾಳಿ ತಿರುಗಿದರೂ ತಾನಾಗಿ ಮತ್ತೆ ಕಚ್ಚುವ ಉಕ್ಕಿನ ಲಂಗರು ಮುಂತಲೆಯಲ್ಲಿ ಇರಲಿ. ಮಿಶ್ರಲೋಹದ್ದು ಎರಡನೆಯದಾಗಿರಲಿ. ಎರಡನೆಯದು ಎಂದರೆ ಕೀಳು ಎಂದಲ್ಲ, ಕಷ್ಟಕಾಲಕ್ಕೆ ಒದಗುವುದು ಎಂದರ್ಥ.

ಕಾಬೊ ಸಾನ್ ಲೂಕಾಸಿನಂಥ ರಾತ್ರಿಯನ್ನು ಊಹಿಸಿರಿ. ಮೊದಲ ಲಂಗರು ಜಾರುತ್ತಿದೆ. ಎರಡನೆಯದನ್ನು ಸಣ್ಣ ಪಾತಿಯಲ್ಲಿಟ್ಟು ಹುಟ್ಟು ಹಾಕುತ್ತ ಗಾಳಿಗೆದುರಾಗಿ ನಲವತ್ತು ಮೀಟರ್ ದೂರ ಒಯ್ದು ಬಿಡಬೇಕು. ಎಂಟು ಮಿಲಿಮೀಟರ್ ದಪ್ಪದ ಉಕ್ಕಿನ ಸರಪಳಿ ಮೀಟರಿಗೆ ಸುಮಾರು ಒಂದೂವರೆ ಕಿಲೊ ತೂಗುತ್ತದೆ. ನಲವತ್ತು ಮೀಟರಿಗೆ ಐವತ್ತೈದು ಅರುವತ್ತು ಕಿಲೊ ಆಯಿತು. ಅದರ ಮೇಲೆ ಹದಿನೈದು ಕಿಲೊ ಲಂಗರು. ಅಲೆಯ ನಡುವೆ ಇಷ್ಟು ಹೊತ್ತ ಪಾತಿಯನ್ನು ಒಬ್ಬನು ನಡೆಸಲಾರ. ಐದು ಕಿಲೊ ಲಂಗರು, ನಾಲ್ಕೈದು ಮೀಟರ್ ಸರಪಳಿ, ಉಳಿದುದು ನೈಲಾನ್ ಹಗ್ಗ ಎಂದಾದರೆ ಒಬ್ಬನೇ ಒಯ್ಯಬಹುದು, ಅರುವತ್ತು ದಾಟಿದವರೂ ಒಯ್ಯಬಹುದು. ಹೊಯಿಗೆಯ ದಿಬ್ಬಕ್ಕೆ ಹತ್ತಿ ಕುಳಿತ ದೋಣಿಯನ್ನು ಬಿಡಿಸಿಕೊಳ್ಳುವುದೂ ಹೀಗೆಯೇ. ಅಗಲ ಹಲಗೆಯ ಹಿಡಿತ, ಕೈಯಲ್ಲಿ ಎತ್ತಬಲ್ಲ ತೂಕ, ಇವೆರಡೂ ಒಂದೇ ವಸ್ತುವಿನಲ್ಲಿ ಸೇರಿರುವುದರಿಂದಲೇ ಇದಕ್ಕೆ ಬೆಲೆ.

ಜೋಡಿ ಒಡಲಿನ, ಮೂರು ಒಡಲಿನ ದೋಣಿಗಳವರಿಗೆ ಹಾಗೂ ಸ್ಪರ್ಧೆಗೆ ಇಳಿಯುವವರಿಗೆ ಮುಂತಲೆಯ ಭಾರ ಕಡಿಮೆಯಿದ್ದಷ್ಟೂ ಒಳ್ಳೆಯದು. ಅವರು ಮಿಶ್ರಲೋಹವನ್ನೇ ಮುಖ್ಯ ಲಂಗರಾಗಿ ಬಳಸುವುದುಂಟು. ಅಂಥವರು ತಿರುಗುವ ಸೆಳೆತದಲ್ಲಿ ರಾತ್ರಿಯೆಲ್ಲ ಕಾವಲಿರಲು ಸಿದ್ಧರಿರಬೇಕು.

ಕೊಳ್ಳುವಾಗ ನೋಡಬೇಕಾದುದು

ದೋಣಿಯ ಉದ್ದಕ್ಕೆ ತಯಾರಕರು ಹೇಳುವ ಅಳತೆಗಿಂತ ಒಂದು ಅಳತೆ ದೊಡ್ಡದನ್ನು ಆರಿಸಿರಿ. ಹಗುರ ಲೋಹದಲ್ಲಿ ಒಂದು ಅಳತೆ ಮೇಲೇರಿದರೆ ಹೆಚ್ಚುವ ಭಾರ ಎರಡು ಮೂರು ಕಿಲೊ ಮಾತ್ರ, ಬಲವಾದರೋ ಬಹಳ ಹೆಚ್ಚುತ್ತದೆ.

ಬೆಳ್ಳಿಯ ಬಣ್ಣ ಕಂಡ ಮಾತ್ರಕ್ಕೆ ಮರುಳಾಗಬಾರದು. ಅಗ್ಗದ ಎರಕದ ಅಲ್ಯೂಮಿನಿಯಂ ಒಡೆಯುವ ಸಂಭವವಿದೆ. ಲೋಹ ಯಾವುದು, ಹದಮಾಡಿದ್ದೇ ಎಂದು ಕೇಳಿ ತಿಳಿಯಿರಿ.

ಕೊಂಡಿಯ ವಿಷಯದಲ್ಲಿ ಎಚ್ಚರಿಕೆ ಬೇಕು. ಉಪ್ಪುನೀರಿನಲ್ಲಿ ಎರಡು ಬೇರೆ ಲೋಹಗಳು ತಾಗಿಕೊಂಡಿದ್ದರೆ ಅವುಗಳಲ್ಲಿ ಒಂದು ಇನ್ನೊಂದನ್ನು ತಿನ್ನುತ್ತದೆ. ಸ್ಟೈನ್‌ಲೆಸ್ ಸ್ಟೀಲಿನ ಕೊಂಡಿ, ಕಂಚಿನ ಕೊಂಡಿ ಅಲ್ಯೂಮಿನಿಯಂ ದಂಡವನ್ನು ತಿಂದುಹಾಕುತ್ತವೆ. ಸತುವಿನ ಲೇಪವಿರುವ ಉಕ್ಕಿನ ಕೊಂಡಿ ಹಾಕಿರಿ. ಲೇಪ ಹೋದೊಡನೆ ಬದಲಾಯಿಸಿರಿ. ದೋಣಿಯ ಅಡಿಗೆ ಬಳಿಯುವ ತಾಮ್ರ ಬೆರೆತ ಬಣ್ಣವನ್ನು ಈ ಲಂಗರಿಗೆ ತಾಗಿಸಲೇ ಬಾರದು. ಬಳಸಿದ ಮೇಲೆ ಸಿಹಿನೀರಿನಲ್ಲಿ ತೊಳೆದಿಡಿರಿ.

ಬಿಡಿಭಾಗಗಳಾಗಿ ಕಳಚಿ ಚೀಲದಲ್ಲಿಡಬಹುದು ಎಂಬುದು ಇದರ ಒಂದು ಹೆಚ್ಚುಗಾರಿಕೆ. ಬಂದರಿನಲ್ಲಿ ನಿಂತಿರುವಾಗ ಅದು ಸರಿ. ಪ್ರಯಾಣದಲ್ಲಿ ಮಾತ್ರ ಅದನ್ನು ಜೋಡಿಸಿ, ಹಗ್ಗ ಕಟ್ಟಿ, ಕೈಗೆಟಕುವಂತೆ ಇಡಬೇಕು. ಕತ್ತಲಲ್ಲಿ, ಮಳೆಯಲ್ಲಿ, ನಡುಗುವ ಬೆರಳುಗಳಿಂದ ನಟ್ಟು ಬೋಲ್ಟು ಹುಡುಕುವ ಸಮಯ ಅದಲ್ಲ.

ಕೊನೆಯದು ಹಗ್ಗದ ಉದ್ದ. ನೀರಿನ ಆಳಕ್ಕೆ ದೋಣಿಯ ಮುಂತಲೆಯ ಎತ್ತರವನ್ನು ಕೂಡಿಸಿ, ಅದರ ಐದರಿಂದ ಏಳು ಪಟ್ಟು ಬಿಡಬೇಕು. ಆಳ ಐದು ಮೀಟರ್, ಮುಂತಲೆ ಒಂದು ಮೀಟರ್ ಆದರೆ ಮೂವತ್ತರಿಂದ ನಲವತ್ತೆರಡು ಮೀಟರ್. ಆಳವನ್ನು ಲೆಕ್ಕಹಾಕುವಾಗ ನೀರು ಏರುವುದನ್ನೂ ಸೇರಿಸಬೇಕು. ಫ್ರಾನ್ಸಿನ ಸಾಂ ಮಾಲೊದಂಥ ಕಡೆ ಭರತದಲ್ಲಿ ನೀರು ಹತ್ತು ಮೀಟರಿಗೂ ಹೆಚ್ಚು ಏರುವುದುಂಟು. ಹಗ್ಗ ಗಿಡ್ಡವಾದರೆ ಸೆಳೆತ ಮೇಲ್ಮುಖವಾಗಿ, ಹಸುವಿನ ಗೂಟವನ್ನು ನಾವೇ ಕಿತ್ತಂತೆ ಆಗುತ್ತದೆ. ಆಗ ಯಾವ ಲೋಹವೂ ಕಾಯದು.

ಹೊಸ ಲಂಗರನ್ನು ತಂದವರು ಬಿರುಗಾಳಿಯ ದಿನ ಅದನ್ನು ಮೊದಲ ಬಾರಿಗೆ ಬಳಸಬಾರದು. ಶಾಂತವಾದ ಒಂದು ದಿನ, ಹೊಯಿಗೆಯ ನೆಲ ನೋಡಿ ಇಳಿಸಿ, ಇಂಜಿನನ್ನು ಹಿಂದಕ್ಕೆ ನಡೆಸಿ ಮೆಲ್ಲನೆ ಜಗ್ಗಿ, ದಡದ ಎರಡು ಗುರುತುಗಳನ್ನು ಒಂದೇ ಗೆರೆಯಲ್ಲಿ ಹಿಡಿದು ದೋಣಿ ಜಾರುತ್ತಿದೆಯೇ ಎಂದು ನೋಡಬೇಕು. ನಾಲ್ಕು ಸಲ ಹೀಗೆ ಮಾಡಿದವನಿಗೆ ತನ್ನ ಲಂಗರಿನ ಸ್ವಭಾವ ತಿಳಿಯುತ್ತದೆ.

ಮೊಯ್ತೆಸಿಯೇ ಕೆಟ್ಟ ದೋಣಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟ. ಅವರು ಹೊಯಿಗೆಯಿಂದ ಅದನ್ನು ಎತ್ತಿ ಉಳಿಸಿದರು. 1990ರಲ್ಲಿ ಫ್ರಾನ್ಸಿನ ಲಾ ರೊಶೆಲ್ ಪಟ್ಟಣದ ಕಡಲ ವಸ್ತುಸಂಗ್ರಹಾಲಯ ಅದನ್ನು ಪಡೆದುಕೊಂಡಿತು. ಜೋಶುವಾಕ್ಕೆ ಎರಡನೆಯ ಜನ್ಮ ದೊರೆಯಿತು. ಎಲ್ಲ ದೋಣಿಗಳಿಗೂ ಆ ಭಾಗ್ಯವಿಲ್ಲ, ದೋಣಿಯಲ್ಲಿ ಮಲಗಿದವರಿಗಂತೂ ಇಲ್ಲವೇ ಇಲ್ಲ. ಆದುದರಿಂದ ಲಂಗರನ್ನು ಕೊಳ್ಳುವವರು ತಕ್ಕಡಿಯನ್ನು ನೋಡುವ ಮೊದಲು ತಾವು ನಿಲ್ಲಲಿರುವ ನೆಲವನ್ನು ನೋಡಲಿ ಎಂಬುದೇ ನಮ್ಮ ಸಲಹೆ.